ಕ್ಯಾನ್ಸರಿನಿಂದ ಮರಳಿ ಬಂದವರು ಮತ್ತು ನಮ್ಮ ಕರ್ತವ್ಯ

(ಪುಣೆಯ ಕನ್ನಡ ಹೋಟೆಲು ಮತ್ತು ಗಿರಣಿ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ದಿನವಿಡೀ ಭಟ್ಟಿಯ ಮುಂದೆ ನಿಂತು, ಪಾಳಿ ಮುಗಿಸಿ, ಮನೆಗೂ ಹೋಗದೆ ನೇರವಾಗಿ ಈ ಸಭೆಗೆ ಬಂದಿರುವ ತಮಗೆಲ್ಲ ನಮ್ಮ ವಂದನೆಗಳು. ಪಗಾರ, ರಜೆ, ಬೋನಸ್ಸು, ಮಕ್ಕಳ ಶಾಲೆ, ಇವು ನಮ್ಮ ಸಭೆಗಳ ಎಂದಿನ ವಿಷಯಗಳು. ಇಂದು ರೋಗದ ಮಾತೇಕೆ ಎಂದು ಕೆಲವರಿಗೆ ತೋರೀತು. ಆದರೆ ಇಂದಿನ ವಿಷಯ ಪಗಾರಕ್ಕೂ ಕೆಲಸಕ್ಕೂ ತೀರ ಹತ್ತಿರದ್ದು. ಕ್ಯಾನ್ಸರಿಗೆ ಔಷಧೋಪಚಾರ ಮುಗಿಸಿ, "ಇನ್ನು ಮನೆಗೆ ಹೋಗಬಹುದು" ಎಂದು ಡಾಕ್ಟರರಿಂದ ಹೇಳಿಸಿಕೊಂಡು ಹೊರಗೆ ಬಂದ ನಮ್ಮ ಕೆಲಸಗಾರನು ಮುಂದೆ ಹೇಗೆ ಬಾಳಬೇಕು? ಆತನ ಊಟವೇನು, ಕೆಲಸವೇನು, ಮಾತೇನು, ಮಾನವೇನು? ಈ ಪ್ರಶ್ನೆಗಳನ್ನು ತಮ್ಮ ಮುಂದಿಡಬೇಕೆಂದು ನಾವು ನಿಂತಿದ್ದೇವೆ.

ರೋಗ ಬಾರದಂತೆ ನೋಡಿಕೊಳ್ಳಿ ಎಂಬ ಉಪದೇಶ ಎಲ್ಲೆಡೆಯೂ ಕೇಳಿಬರುತ್ತದೆ. ತಂಬಾಕಿನ ಪೊಟ್ಟಣದ ಮೇಲೆಯೇ ಚಿತ್ರ ಸಹಿತ ಅಚ್ಚಾಗಿರುತ್ತದೆ. ರೋಗ ಬಂದರೆ ಎಲ್ಲಿಗೆ ಹೋಗಬೇಕೆಂಬುದನ್ನೂ ಯಾರಾದರೂ ಹೇಳುತ್ತಾರೆ. ರೋಗ ಬಂದು, ಕೊಯ್ಸಿಕೊಂಡು, ಬದುಕಿ ಉಳಿದವನ ಪಾಡು ಮಾತ್ರ ಯಾರ ಭಾಷಣಕ್ಕೂ ವಿಷಯವಾಗುವುದಿಲ್ಲ. ಉಳಿದನಲ್ಲ, ಸಾಕು ಎಂದು ನಾವೆಲ್ಲರೂ ನಿಟ್ಟುಸಿರು ಬಿಟ್ಟು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ.

ಮೊದಲು ನಾಲ್ಕು ಅಂಕಿಗಳನ್ನು ಹೇಳಿಬಿಡುತ್ತೇವೆ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರು ಕಾಣಿಸಿಕೊಳ್ಳುತ್ತದೆ. ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಬಾಯಿಯ ಕ್ಯಾನ್ಸರು; ಹೆಂಗಸರಲ್ಲಿ ಸ್ತನದ ಕ್ಯಾನ್ಸರು. ಬಾಯಿಯದು ನಮ್ಮ ದೇಶದಲ್ಲಿ ಇಷ್ಟು ಹೆಚ್ಚಾಗಲು ಮುಖ್ಯ ಕಾರಣ ತಂಬಾಕು. ನಮ್ಮವರಲ್ಲಿ ಅದು ಯಾಕೆ ಇಷ್ಟು ಬೇರೂರಿತು ಎಂಬುದು ತಮಗೆ ಗೊತ್ತು. ಬೆಳಗಿನ ಐದಕ್ಕೆ ಎದ್ದು ಹಿಟ್ಟು ರುಬ್ಬುವವನಿಗೆ, ರಾತ್ರಿ ಪಾಳಿಯಲ್ಲಿ ಕಣ್ಣು ಮುಚ್ಚದಿರಬೇಕಾದವನಿಗೆ, ಹಸಿವಾದರೂ ಗಿರಾಕಿಗಳ ಭರಾಟೆ ಇಳಿಯುವವರೆಗೆ ತಟ್ಟೆ ಮುಟ್ಟಲಾರದವನಿಗೆ ಒಂದು ಚಿಟಿಕೆ ತಂಬಾಕು, ಸ್ವಲ್ಪ ಸುಣ್ಣ ಅಗ್ಗದ ಜೊತೆಗಾರ. ಈ ಕಡೆಯ ಚಾಳುಗಳಲ್ಲಿ ಹೆಂಗಸರು ಹಲ್ಲಿಗೆ ಮಿಶ್ರಿ ತಿಕ್ಕುವುದೂ ಅದೇ ಕುಲದ್ದು. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟಖಾ ನಿಷೇಧವಾಯಿತು. ನಿಷೇಧವಾದರೂ ಬಾಯಿಗಳು ತಕ್ಷಣ ಖಾಲಿಯಾಗಲಿಲ್ಲ.

ಇನ್ನೊಂದು ಕಡೆಯನ್ನೂ ನೋಡಬೇಕು. ಕ್ಯಾನ್ಸರೆಂದರೆ ಸಾವೇ ಎಂಬ ಕಾಲ ಹಿಂದಾಗುತ್ತಿದೆ. ಮುಂಬಯಿಯ ಪರೇಲಿನಲ್ಲಿ, ಗಿರಣಿಗಳ ನಡುವೆ, 1941ರ ಫೆಬ್ರವರಿ 28ರಂದು ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಬಂದಿತು. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆ ಇದೆ. ಬೇಗನೆ ಗುರುತು ಹಿಡಿದರೆ ಬಾಯಿಯ ಮತ್ತು ಸ್ತನದ ಕ್ಯಾನ್ಸರುಗಳಲ್ಲಿ ಬಹಳಷ್ಟು ಗುಣವಾಗುವಂಥವೇ. ನಮ್ಮ ಈ ಜಿಲ್ಲೆಯ ಬಾರಾಮತಿಯ ಶರದ್ ಪವಾರರು 2004ರಲ್ಲಿ ಬಾಯಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಅದೇ ವರ್ಷದಿಂದ 2014ರವರೆಗೆ ಕೇಂದ್ರದಲ್ಲಿ ಕೃಷಿ ಮಂತ್ರಿಯಾಗಿ ಕೆಲಸ ಮಾಡಿದರು. ತಂಬಾಕಿನ ಚಟದ ಬಗೆಗೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟು ಮಾತನಾಡಿದ್ದಾರೆ. ಅವರ ರಾಜಕೀಯ ನಮಗೆ ಇಲ್ಲಿ ಬೇಡ. ಕ್ಯಾನ್ಸರು ಬಂದ ಮನುಷ್ಯ ಮತ್ತೆ ಎದ್ದು ವರ್ಷಗಟ್ಟಲೆ ದುಡಿಯಬಲ್ಲ ಎಂಬುದಕ್ಕೆ ನಮ್ಮ ಕಣ್ಣಿದುರಿಗೇ ಇರುವ ದೃಷ್ಟಾಂತವಿದು. ಆದರೆ ಮಂತ್ರಿಗೆ ಮರಳಿ ಬರಲು ಒಂದು ಕುರ್ಚಿ ಕಾದಿತ್ತು. ನಮ್ಮ ದೋಸೆ ಹೊಯ್ಯುವವನಿಗೆ, ಕಪ್ಪು ಬಸಿ ಎತ್ತುವವನಿಗೆ, ಕಾರಖಾನೆಯ ಸಾಲಿನಲ್ಲಿ ನಿಂತು ಕೆಲಸ ಮಾಡುವವನಿಗೆ ಏನು ಕಾದಿರುತ್ತದೆ?

ಅಮೇರಿಕದಲ್ಲಿ ಫಿಟ್ಸ್‌ಹ್ಯೂ ಮಲನ್ ಎಂಬ ಡಾಕ್ಟರರಿದ್ದರು. ಸ್ವತಃ ಕ್ಯಾನ್ಸರಿಗೆ ಗುರಿಯಾಗಿ ಉಳಿದವರು. ಮುಳುಗುವವನನ್ನು ನೀರಿನಿಂದ ಮೇಲೆತ್ತುವ ವಿದ್ಯೆಯನ್ನು ಕಲಿತ ವೈದ್ಯರು, ಎತ್ತಿದ ಮೇಲೆ ಆತನನ್ನು ದಡದಲ್ಲಿ ಕೆಮ್ಮುತ್ತ ಬಿದ್ದಿರಲು ಬಿಟ್ಟು ಹೋಗುತ್ತಾರೆ ಎಂಬರ್ಥದ ಮಾತನ್ನು ಅವರು 1985ರಲ್ಲಿ ಬರೆದರು. ಪುಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಊರೊಳಗೆ ನುಗ್ಗಿತು. ಜನರನ್ನು ನೀರಿನಿಂದ ಪಾರುಮಾಡಿದ್ದು ಒಂದೆರಡು ದಿನದ ಕೆಲಸ. ಮನೆ ಕಳೆದುಕೊಂಡವರಿಗೆ ಪೂರಗ್ರಸ್ತ ವಸಾಹತುಗಳನ್ನು ಕಟ್ಟಿ, ಪಾತ್ರೆ ಪಗಡ ಒದಗಿಸಿ, ಮತ್ತೆ ಸಂಸಾರ ಹೂಡಿಸಿದ್ದು ವರ್ಷಗಳ ಕೆಲಸ. ಕ್ಯಾನ್ಸರಿನಲ್ಲಿಯೂ ಹಾಗೆಯೇ. ಆಸ್ಪತ್ರೆ ಮಾಡುವುದು ಮೊದಲನೆಯ ಕೆಲಸ. ಎರಡನೆಯದು ಮನೆಯವರದು, ಮಾಲೀಕರದು, ಜೊತೆಗಾರರದು, ಸಂಘದ್ದು. ಇಂದು ನಾವು ಹೇಳಬೇಕಾದುದು ಇದೊಂದೇ.

ಈಗ ಉಪಚಾರವು ದೇಹದಲ್ಲಿ ಏನನ್ನು ಉಳಿಸಿ ಹೋಗುತ್ತದೆ ಎಂಬುದನ್ನು ನೋಡೋಣ. ಬಾಯಿಯ ಕ್ಯಾನ್ಸರಿನ ಮಾತನ್ನೇ ತೆಗೆದುಕೊಳ್ಳಿ. ಗಲ್ಲವನ್ನೋ ದವಡೆಯ ಒಂದು ಭಾಗವನ್ನೋ ನಾಲಿಗೆಯ ಅಂಚನ್ನೋ ತೆಗೆದಿರುತ್ತಾರೆ. ಕುತ್ತಿಗೆಯ ಗಂಟುಗಳನ್ನೂ ತೆಗೆದಿರುತ್ತಾರೆ. ಆಮೇಲೆ ನಮ್ಮವರು "ಕರೆಂಟು ಕೊಡುವುದು" ಎನ್ನುವ ವಿಕಿರಣ ಚಿಕಿತ್ಸೆ ಆರು ವಾರಗಳಷ್ಟು ನಡೆಯುತ್ತದೆ. ಗಾಯ ಮಾಯುತ್ತದೆ, ಆದರೆ ಒಳಗಿನ ಮಾಂಸ ಬಿಗಿದುಕೊಂಡು ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರಬಹುದು. ಸಾಮಾನ್ಯವಾಗಿ ಮನುಷ್ಯನ ಬಾಯಲ್ಲಿ ಅವನವೇ ಮೂರು ಬೆರಳುಗಳು ಒಂದರ ಮೇಲೊಂದು ನಿಲ್ಲುತ್ತವೆ. ಎರಡೇ ನಿಂತರೆ, ಒಂದೇ ನಿಂತರೆ, ಅದು ಎಚ್ಚರಿಕೆ. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನಕ್ಕೆ ಹಲವು ಸಲ ವ್ಯಾಯಾಮ ಮಾಡಿ, ವಾರ ವಾರ ಒಂದೊಂದು ಕಡ್ಡಿ ಹೆಚ್ಚಿಸುವುದನ್ನು ಆಸ್ಪತ್ರೆಯಲ್ಲಿ ಕಲಿಸುತ್ತಾರೆ. ಇದಕ್ಕೆ ಕಾಸಿನ ಖರ್ಚಿಲ್ಲ. ಆದರೆ ನೋವಾಗುತ್ತದೆಂದು ತಿಂಗಳೊಪ್ಪತ್ತಿನಲ್ಲಿ ಬಿಟ್ಟುಬಿಡುವವರು ಬಹಳ. ಒಮ್ಮೆ ಬಿಗಿದ ಬಾಯಿಯನ್ನು ಮತ್ತೆ ತೆರೆಯಿಸುವುದು ಕಷ್ಟ. ಪಕ್ಕದ ಹಾಸಿಗೆಯ ಜೊತೆಗಾರನು "ಇವತ್ತು ಕಡ್ಡಿ ಇಟ್ಟೆಯೇನಪ್ಪಾ?" ಎಂದು ಕೇಳಿದರೆ ಅದೇ ಅರ್ಧ ಔಷಧ.

ಎರಡನೆಯದು ಬಾಯಿ ಒಣಗುವುದು. ವಿಕಿರಣದಿಂದ ಜೊಲ್ಲಿನ ಗ್ರಂಥಿಗಳು ಸೊರಗುತ್ತವೆ. ಒಣ ಅನ್ನ, ಚಪಾತಿ ಗಂಟಲಿಗೆ ಇಳಿಯುವುದಿಲ್ಲ. ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಒಂದು ಲೀಟರು ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡಿಗೆ ಸೋಡ ಹಾಕಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಬೇಕು. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಬಾಯಿಗೆ ಕರೆಂಟು ಕೊಡಿಸಿಕೊಂಡವರು ಎಷ್ಟೇ ವರ್ಷ ಕಳೆದಿದ್ದರೂ, ಹಲ್ಲು ಕೀಳಿಸುವ ಮೊದಲು ಅದನ್ನು ಹಲ್ಲಿನ ಡಾಕ್ಟರರಿಗೆ ತಿಳಿಸಲೇಬೇಕು. ತಿಳಿಸದೆ ಕೀಳಿಸಿದರೆ ದವಡೆಯ ಎಲುಬು ಮಾಯದೆ ಕೊಳೆಯುವ ಅಪಾಯವುಂಟು. ಕುತ್ತಿಗೆಗೆ ವಿಕಿರಣವಾಗಿದ್ದರೆ ಥೈರಾಯ್ಡ್ ಗ್ರಂಥಿ ಕುಗ್ಗಬಹುದು. ಆತನಿಗೆ ಸುಸ್ತು, ಮಂಕು, ಮೈ ಭಾರ. ಜನ ಸೋಮಾರಿ ಎನ್ನುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಂದು ರಕ್ತ ಪರೀಕ್ಷೆ, ಬೇಕಾದರೆ ದಿನಕ್ಕೊಂದು ಗುಳಿಗೆ, ಇಷ್ಟರಿಂದ ಆ ಸೋಮಾರಿತನ ಹೋಗುತ್ತದೆ.

ಮೂರನೆಯದು ರುಚಿ. ಇದು ನಮ್ಮ ಕಸುಬಿನವರಿಗೆ ಎಲ್ಲಕ್ಕಿಂತ ಕಠಿಣವಾದುದು. ಅಡಿಗೆಯವನ ಬಂಡವಾಳವೇ ಅವನ ನಾಲಿಗೆ. ಸಾಂಬಾರಿಗೆ ಉಪ್ಪು ಹದವಾಯಿತೇ, ಚಟ್ನಿಗೆ ಹುಳಿ ಸಾಕೇ ಎಂಬುದನ್ನು ಆತ ತಕ್ಕಡಿಯಿಂದ ಅಳೆಯುವುದಿಲ್ಲ. ವಿಕಿರಣದ ನಂತರ ಎಷ್ಟೋ ತಿಂಗಳು ಆ ನಾಲಿಗೆಗೆ ಎಲ್ಲವೂ ಮಣ್ಣು, ಎಲ್ಲವೂ ಕಬ್ಬಿಣ. ಬಹಳ ಜನರಿಗೆ ರುಚಿ ನಿಧಾನವಾಗಿ ಮರಳುತ್ತದೆ, ವರ್ಷ ಹಿಡಿಯಲೂಬಹುದು. ಆ ವರ್ಷದಲ್ಲಿ ಆತನ ಕೆಲಸ ಹೋಗಬೇಕೇ? ಆತನ ಕೈಗೆ ಅಳತೆ ಗೊತ್ತು, ಕಣ್ಣಿಗೆ ಹದ ಗೊತ್ತು, ಮೂಗಿಗೆ ಒಗ್ಗರಣೆ ಗೊತ್ತು. ಕೊನೆಗೊಂದು ಚಮಚ ಬಾಯಿಗೆ ಹಾಕಿ "ಅಣ್ಣಾ, ಇನ್ನೊಂದಿಷ್ಟು ಉಪ್ಪು" ಎಂದು ಹೇಳುವ ಕೆಲಸವನ್ನು ಪಕ್ಕದ ಹುಡುಗ ಮಾಡಬಲ್ಲ. ಒಬ್ಬನ ನಾಲಿಗೆಯನ್ನು ಒಂದು ವರ್ಷ ಇನ್ನೊಬ್ಬನಿಗೆ ಸಾಲ ಕೊಟ್ಟಂತೆ. ಇಂತಹ ಸಾಲಕ್ಕೆ ಬಡ್ಡಿಯಿಲ್ಲ.

ಕುತ್ತಿಗೆಯ ಗಂಟು ತೆಗೆಯುವಾಗ ಭುಜವನ್ನು ಎತ್ತುವ ನರಕ್ಕೆ ಪೆಟ್ಟಾಗುವುದುಂಟು. ಭುಜ ಜೋತುಬೀಳುತ್ತದೆ. ಮೇಲಿನ ಕಪಾಟಿನಿಂದ ಡಬ್ಬಿ ಇಳಿಸುವುದು, ಹಂಡೆ ಎತ್ತುವುದು ಆಗುವುದಿಲ್ಲ. ಹೇಳಿಕೊಟ್ಟ ವ್ಯಾಯಾಮವನ್ನು ಬಿಡದೆ ಮಾಡಿದರೆ ಬಲ ಬಹಳಮಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಹಂಡೆಯನ್ನು ಇಬ್ಬರು ಎತ್ತಬೇಕು, ಅಷ್ಟೇ.

ಇನ್ನು ಗಂಟಲಿನ ಕ್ಯಾನ್ಸರು. ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆದವರಿಗೆ ಕುತ್ತಿಗೆಯಲ್ಲಿ ಒಂದು ರಂಧ್ರ ಮಾಡಿರುತ್ತಾರೆ. ಉಸಿರಾಟವೆಲ್ಲ ಅಲ್ಲಿಂದಲೇ. ಹೋಟೆಲಿನಲ್ಲಿ ಧ್ವನಿಯೇ ಕೆಲಸ ಎಂಬುದು ತಮಗೆ ಗೊತ್ತು. "ಎರಡು ಮಸಾಲೆ, ಒಂದು ಸಾದಾ" ಎಂದು ಕೂಗಲಾರದವನನ್ನು ಎಲ್ಲಿ ನಿಲ್ಲಿಸುವುದು ಎಂದು ಮಾಲೀಕರು ಕೇಳುತ್ತಾರೆ. ಒಗ್ಗರಣೆಯ ಘಾಟು, ಎಣ್ಣೆಯ ಹೊಗೆ, ಹತ್ತಿಯ ಧೂಳು ಆ ರಂಧ್ರಕ್ಕೆ ಒಳ್ಳೆಯದಲ್ಲ. ಮೇಲೊಂದು ತೆಳುವಾದ ಬಟ್ಟೆಯ ಮುಸುಕು ಇರಲೇಬೇಕು, ಸ್ನಾನದಲ್ಲಿ ನೀರು ಒಳಗೆ ಹೋಗದಂತೆ ಎಚ್ಚರ ಬೇಕು. ಆದರೆ ಧ್ವನಿ ಹೋದ ಮಾತ್ರಕ್ಕೆ ಮಾತು ಹೋಗಬೇಕೆಂದಿಲ್ಲ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಚಿಕ್ಕ ಕವಾಟವನ್ನು ಕೂಡಿಸಿದರೆ, ಕುತ್ತಿಗೆಯ ರಂಧ್ರವನ್ನು ಬೆರಳಿನಿಂದ ಮುಚ್ಚಿಕೊಂಡು ಮಾತಾಡಬಹುದು. 2015ರ ಹೊತ್ತಿಗೆ ಹೊರದೇಶದ ಕವಾಟಕ್ಕೆ ಹದಿನೈದು ಸಾವಿರದಿಂದ ಮೂವತ್ತು ಸಾವಿರ ರೂಪಾಯಿ ಬೀಳುತ್ತಿತ್ತು. ಅದನ್ನು ಆಗಾಗ ಬದಲಿಸಬೇಕು. ಬಡವನು ಮೊದಲನೆಯದನ್ನು ಸಾಲ ಮಾಡಿ ಹಾಕಿಸಿಕೊಂಡರೂ ಎರಡನೆಯದಕ್ಕೆ ಮೂಕನಾಗುತ್ತಾನೆ. ಇದನ್ನು ಕಂಡ ಬೆಂಗಳೂರಿನ ಡಾಕ್ಟರ್ ವಿಶಾಲ್ ರಾವ್ ಅವರು ತಮ್ಮ ಉದ್ಯಮಿ ಮಿತ್ರ ಶಶಾಂಕ್ ಮಹೇಶ್ ಅವರೊಡನೆ ಸೇರಿ "ಓಂ" ಎಂಬ ಕವಾಟವನ್ನು ತಯಾರಿಸಿದರು. 2015ರ ಹೊತ್ತಿಗೆ ಅದು ದೇಶವಿಡೀ ಸುದ್ದಿಯಾಯಿತು. ಅದರ ಬೆಲೆ ಆಗ ಸುಮಾರು 50 ರೂಪಾಯಿ. ನಮ್ಮ ಕನ್ನಡ ನೆಲದಲ್ಲಿ ಹುಟ್ಟಿದ ಈ ಕೆಲಸವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದೆ, ಕೈ ಸನ್ನೆಯಿಂದ, ತುಟಿ ನೋಡಿ, ಜೀವಮಾನವಿಡೀ ಮಾತಾಡಿದವರು ಅವರು. ಧ್ವನಿ ಕಳೆದುಕೊಂಡ ಜೊತೆಗಾರನೊಡನೆ ಹೇಗೆ ಮಾತಾಡಬೇಕೆಂಬುದನ್ನು ಅವರಿಂದ ಕಲಿಯಬಹುದು.

ನಮ್ಮ ಅಕ್ಕತಂಗಿಯರ ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಸ್ತನದ ಶಸ್ತ್ರಕ್ರಿಯೆಯಲ್ಲಿ ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ಕೈ ಬಾವು ಬರಬಹುದು. ಕೆಲವರಿಗೆ ವರ್ಷಗಳ ಮೇಲೂ ಬರುತ್ತದೆ. ಪಾತ್ರೆ ತಿಕ್ಕುವ, ಹಪ್ಪಳ ಲಟ್ಟಿಸುವ, ನೀರಿನ ಕೊಡ ಹೊರುವ ಕೈ ಅದು. ಕೈಯನ್ನು ಆಡಿಸದೆ ಇಡುವುದೂ ತಪ್ಪು, ಮೊದಲ ದಿನವೇ ಕೊಡ ಹೊರುವುದೂ ತಪ್ಪು. ಕಲಿಸಿದ ವ್ಯಾಯಾಮ ಮಾಡುತ್ತ, ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಸುಟ್ಟ ಗಾಯ, ಕೊಯ್ದ ಗಾಯ ಆಗದಂತೆ ನೋಡಿಕೊಳ್ಳಬೇಕು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅಂದೇ ಡಾಕ್ಟರರನ್ನು ಕಾಣಬೇಕು. ಇಷ್ಟು ದೇಹದ ಮಾತಾಯಿತು. ಮನಸ್ಸಿನದು ಇದಕ್ಕಿಂತ ದೊಡ್ಡದು. ಕೂದಲು ಉದುರಿ ಮತ್ತೆ ಬಂದಿರಬಹುದು. ಎದೆಯ ಮೇಲಿನ ಗಾಯ ಅವಳಿಗೆ ದಿನವೂ ಕಾಣುತ್ತದೆ. ಅರಿಸಿನ ಕುಂಕುಮಕ್ಕೆ ನೆರೆಯವರು ಕರೆಯುವುದನ್ನು ನಿಲ್ಲಿಸಿದರೆ, ಗಂಡನು ಮುಖ ತಿರುಗಿಸಿದರೆ, ಉಪಚಾರ ಮಾಡಿದ ಡಾಕ್ಟರರ ಶ್ರಮವೆಲ್ಲ ವ್ಯರ್ಥವಾದಂತೆ. ಗಂಡಸರು ಇಲ್ಲಿ ಹೆಚ್ಚಾಗಿ ಕುಳಿತಿದ್ದೀರಿ. ಅದಕ್ಕಾಗಿಯೇ ಇದನ್ನು ಹೇಳುತ್ತಿದ್ದೇವೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ: ಕೆಲಸ. ಉಪಚಾರ ಮುಗಿಸಿ ಬಂದವನನ್ನು ಹೋಟೆಲುಗಳಲ್ಲಿ ಹೇಗೆ ಕಾಣುತ್ತಾರೆ ಎಂಬುದನ್ನು ನಾವೂ ನೀವೂ ನೋಡಿದ್ದೇವೆ. ಆತನಿಗೆ ಬೇರೆ ಕಪ್ಪು, ಬೇರೆ ತಟ್ಟೆ. ಜೊತೆಗಾರರು ಹಾಸಿಗೆಯನ್ನು ಒಂದು ಮಾರು ದೂರ ಸರಿಸುತ್ತಾರೆ. ಗಿರಾಕಿಗಳು ಅಸಹ್ಯಪಡುತ್ತಾರೆ ಎಂದು ಮಾಲೀಕರು ಹೇಳುತ್ತಾರೆ. ಕ್ಯಾನ್ಸರು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಖೋಲಿಯಲ್ಲಿ ಮಲಗಿದರೂ, ಅವನ ಬಟ್ಟೆಯನ್ನು ತೊಟ್ಟರೂ ಅದು ಬರುವುದಿಲ್ಲ. ಆತ ಮುಟ್ಟಿದ ಇಡ್ಲಿಯಿಂದ ಗಿರಾಕಿಗೆ ಏನೂ ಆಗುವುದಿಲ್ಲ. ಈ ಮಾತನ್ನು ತಾವು ಇಲ್ಲಿಂದ ಹೋಗುವಾಗ ಒಬ್ಬೊಬ್ಬರೂ ಹತ್ತು ಜನರಿಗೆ ಹೇಳಬೇಕು.

ಮಾಲೀಕರಲ್ಲಿ ನಮ್ಮ ಬಿನ್ನಹವಿದೆ. ಊರಿನಿಂದ ಬರಿಗೈಯಲ್ಲಿ ಬಂದು, ಮೋರಿಯಲ್ಲಿ ಕಪ್ಪು ತೊಳೆದು ಮೇಲೆ ಬಂದವರು ಅವರಲ್ಲಿ ಅನೇಕರು. ಬಿದ್ದವನನ್ನು ಎತ್ತಿದರೆ ಏನಾಗುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾದುದಲ್ಲ. ಹತ್ತು ವರ್ಷ ದುಡಿದವನನ್ನು ಭಟ್ಟಿಯ ಬಿಸಿಗೆ ನಿಲ್ಲಿಸಲಾಗದಿದ್ದರೆ ಗಲ್ಲಾದಲ್ಲಿ ಕೂಡಿಸಬಹುದು, ಸಾಮಾನಿನ ಕೋಣೆಯ ಲೆಕ್ಕ ಒಪ್ಪಿಸಬಹುದು, ತರಕಾರಿ ಹೆಚ್ಚುವಲ್ಲಿ ಕೂಡಿಸಬಹುದು, ಪಾರ್ಸಲು ಕಟ್ಟಿಸಬಹುದು. ಮೊದಲ ಮೂರು ತಿಂಗಳು ಅರ್ಧ ಪಾಳಿ ಕೊಡಬಹುದು. ಎರಡು ಹೊತ್ತಿನ ದೊಡ್ಡ ಊಟಕ್ಕೆ ಬದಲಾಗಿ ಆತನಿಗೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ ಗಂಜಿ, ರಾಗಿ ಅಂಬಲಿ, ಮೆತ್ತಗೆ ಮಾಡಿದ ಅನ್ನ ಮೊಸರು, ಖಾರವಿಲ್ಲದ ಬೇಳೆಯಲ್ಲಿ ನೆನೆಸಿದ ಇಡ್ಲಿ ತಿನ್ನಲು ಬಿಡುವು ಕೊಡಬೇಕು. ಆತ ನಿಧಾನವಾಗಿ ತಿನ್ನುತ್ತಾನೆ, ತುಟಿಯ ಅಂಚಿನಿಂದ ಸೋರುತ್ತದೆ. ಅದಕ್ಕೇ ಎಲ್ಲರೂ ಉಂಡು ಎದ್ದ ಮೇಲೆ ಮೂಲೆಯಲ್ಲಿ ಒಬ್ಬನೇ ಕುಳಿತು ಉಣ್ಣುತ್ತಾನೆ. ಪಂಕ್ತಿಯಲ್ಲಿ ಅವನ ಜಾಗವನ್ನು ಅವನಿಗೆ ಮರಳಿ ಕೊಡುವುದು ನಮ್ಮ ಕೈಯಲ್ಲಿದೆ. ಉಪಚಾರದ ನಂತರದ ದಣಿವು ಸಾಮಾನ್ಯ ದಣಿವಲ್ಲ. ನಿದ್ದೆ ಮಾಡಿದರೂ ಹೋಗುವುದಿಲ್ಲ. ದಿನವೂ ಸ್ವಲ್ಪ ನಡೆದಾಡುತ್ತ, ಕೆಲಸವನ್ನು ಮೆಲ್ಲಗೆ ಹೆಚ್ಚಿಸುತ್ತ ಹೋದರೆ ತಿಂಗಳುಗಳಲ್ಲಿ ಇಳಿಯುತ್ತದೆ. ಮಲಗಿಸಿಯೇ ಇಟ್ಟರೆ ಇಳಿಯುವುದಿಲ್ಲ.

ಹಣದ ಮಾತು. 1948ರ ಕಾಯಿದೆಯಿಂದ ಹುಟ್ಟಿ 1952ರಲ್ಲಿ ಆಚರಣೆಗೆ ಬಂದ ಇ.ಎಸ್.ಐ. ವಿಮೆ ನಮ್ಮ ಪಗಾರದಿಂದಲೂ ಕಡಿತವಾಗುವ ನಮ್ಮದೇ ಹಣ. ಪಗಾರದ ಮಿತಿಯನ್ನು 2017ರಲ್ಲಿ ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ರೋಗದ ರಜೆಗೆ ವರ್ಷದಲ್ಲಿ 91 ದಿನ ಪಗಾರದ ನೂರಕ್ಕೆ 70ರಷ್ಟು ಸಿಗುತ್ತದೆಂಬುದು ಬಹಳ ಜನರಿಗೆ ಗೊತ್ತು. ಕ್ಯಾನ್ಸರಿನಂತಹ ದೀರ್ಘ ರೋಗಗಳಿಗೆ ಅದು ಮುಗಿದ ಮೇಲೂ ನೂರಕ್ಕೆ 80ರಂತೆ ಎರಡು ವರ್ಷಗಳವರೆಗೆ ಸಿಗುತ್ತದೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಅದಕ್ಕೆ ಎರಡು ವರ್ಷ ವಿಮೆಯಲ್ಲಿರಬೇಕು, ವಂತಿಗೆ ಸರಿಯಾಗಿ ಸಂದಾಯವಾಗಿರಬೇಕು. ಹೆಸರು ದಾಖಲಾಗದೆ ದುಡಿಯುವ ಹುಡುಗನಿಗೆ ಇದಾವುದೂ ಇಲ್ಲ. ಹೆಸರು ದಾಖಲಾಗಿದೆಯೇ, ನಂಬರು ಏನು ಎಂದು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದುಕೊಳ್ಳಿ. ರೋಗ ಬಂದ ದಿನ ಕೇಳಿದರೆ ತಡವಾಯಿತು.

ಆಸ್ಪತ್ರೆಯ ಖರ್ಚಿಗೆ ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಿದೆ. ಅದನ್ನು ರಾಜ್ಯದ ಎಲ್ಲ ಕುಟುಂಬಗಳಿಗೂ, ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಿಸ್ತರಿಸಲು 2023ರಲ್ಲಿ ನಿರ್ಣಯವಾಯಿತು. ಆದರೆ ಅದಕ್ಕೆ ಇಲ್ಲಿಯ ರೇಶನ್ ಕಾರ್ಡೋ ವಾಸದ ದಾಖಲೆಯೋ ಬೇಕು. ನಮ್ಮಲ್ಲಿ ಎಷ್ಟೋ ಜನ ಇಪ್ಪತ್ತು ವರ್ಷ ಪುಣೆಯಲ್ಲಿ ದುಡಿದರೂ ಕಾರ್ಡು ಊರಿನಲ್ಲಿಯೇ ಇರುತ್ತದೆ. ಅಂತಹವರು ಊರಿನ ಕಾರ್ಡಿನ ಮೇಲೆ ಆಯುಷ್ಮಾನ್ ಕಾರ್ಡು ಮಾಡಿಸಿಕೊಳ್ಳಲು ಅರ್ಹರೇ ಎಂದು ವಿಚಾರಿಸಬೇಕು. 2018ರಲ್ಲಿ ಬಂದ ಆ ಯೋಜನೆ ರಾಜ್ಯದ ಗಡಿ ದಾಟಿಯೂ ನಡೆಯುತ್ತದೆ. ತಪಾಸಣೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎ.ಸಿ.ಯಲ್ಲಿ ಟಿಕೇಟು ಪೂರ್ತಿ ಮಾಫಿ. ಜೊತೆಗೆ ಹೋಗುವವರಿಗೆ ನೂರಕ್ಕೆ 75 ರಿಯಾಯಿತಿ. ಆಸ್ಪತ್ರೆಯವರು ನಮೂನೆ ತುಂಬಿ ಸಹಿ ಮಾಡಿ ಕೊಡುತ್ತಾರೆ. ಧ್ವನಿಪೆಟ್ಟಿಗೆ ಕಳೆದುಕೊಂಡವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿಯೇ ಒಳಗೆ ಸೇರಿಸಿದೆ. ಅವರು ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕೈಯಲ್ಲಿ ಕಡತ ಹಿಡಿದು ಕಿಟಕಿಯಿಂದ ಕಿಟಕಿಗೆ ತಿರುಗುವ ಶಕ್ತಿ ರೋಗಿಗಿರುವುದಿಲ್ಲ, ಮರಾಠಿ ಅಥವಾ ಇಂಗ್ಲಿಷಿನ ನಮೂನೆ ಓದುವ ಧೈರ್ಯವೂ ಇರುವುದಿಲ್ಲ. ನಮ್ಮಲ್ಲಿ ಓದಿದ ತರುಣರು ಇಲ್ಲಿ ಮುಂದೆ ಬರಬೇಕು.

ಊರಿಗೆ ಕಳುಹಿಸಿಬಿಡುವುದರ ಬಗೆಗೆ ಒಂದು ಮಾತು. ಉಪಚಾರ ಮುಗಿಯುತ್ತಲೇ "ಊರಲ್ಲಿ ಇರಲಿ, ಗಾಳಿ ಬೆಳಕಿಗೆ ಸುಧಾರಿಸುತ್ತಾನೆ" ಎಂದು ಬಸ್ಸು ಹತ್ತಿಸುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡುತ್ತೇವೆ. ಆದರೆ ಬಾಯಿ ಗಂಟಲಿನ ಕ್ಯಾನ್ಸರು ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿಯೇ. ಆ ಅವಧಿಯಲ್ಲಿ ಡಾಕ್ಟರರು ಕರೆದ ದಿನ ತಪ್ಪದೆ ಹೋಗಿ ತೋರಿಸಬೇಕು. ಊರಿಗೆ ಹೋಗಲೇಬೇಕಾದರೆ ಎಲ್ಲ ಕಾಗದಗಳನ್ನೂ ಒಂದು ಚೀಲದಲ್ಲಿ ಕಟ್ಟಿಕೊಂಡು, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಎಲ್ಲಿ ತಪಾಸಣೆ ಮಾಡಿಸಬೇಕೆಂದು ಇಲ್ಲಿಯ ಡಾಕ್ಟರರನ್ನೇ ಕೇಳಿ ಬರೆಯಿಸಿಕೊಂಡು ಹೋಗಬೇಕು. ಮೂರು ವಾರ ಕಳೆದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಹೊಸ ಗಂಟು, ಉಗುಳಿನಲ್ಲಿ ರಕ್ತ ಕಂಡರೆ ಕರೆದ ದಿನದವರೆಗೆ ಕಾಯಬಾರದು.

ತಂಬಾಕನ್ನು ಪೂರ್ತಿ ಬಿಡಬೇಕು. ಬಿಡದಿದ್ದರೆ ರೋಗ ಮರಳಿ ಬರುವ, ಇನ್ನೊಂದು ಹೊಸ ಜಾಗದಲ್ಲಿ ಹುಟ್ಟುವ ಸಂಭವ ಹೆಚ್ಚು. ಆದರೆ ಇದು ರೋಗಿಯೊಬ್ಬನ ಹಟದ ಪ್ರಶ್ನೆಯಲ್ಲ. ಆತನ ಸುತ್ತಲೂ ಹತ್ತು ಜನ ಅಂಗೈಯಲ್ಲಿ ತಿಕ್ಕುತ್ತಿದ್ದರೆ ಆತ ಹೇಗೆ ಬಿಟ್ಟಾನು? ಆತನ ಖೋಲಿಯಲ್ಲಿ ತಂಬಾಕು ಬೇಡ. 1800-11-2356 ಎಂಬ ನಂಬರಿಗೆ ಫೋನು ಮಾಡಿದರೆ, ಕಾಸಿಲ್ಲದೆ, ಬಿಡುವ ದಾರಿಯನ್ನು ಹೇಳಿಕೊಡುತ್ತಾರೆ, ಕನ್ನಡದಲ್ಲಿಯೂ ಹೇಳುತ್ತಾರೆ. "ನೀನೇ ತಿಂದು ತಂದುಕೊಂಡೆ" ಎಂಬ ಮಾತನ್ನಂತೂ ಯಾರೂ ಆಡಬೇಡಿ. ಆ ಮಾತು ಆತನಿಗೆ ರಾತ್ರಿಯೆಲ್ಲ ತಾನಾಗಿಯೇ ಕೇಳಿಸುತ್ತಿರುತ್ತದೆ.

ಎಲ್ಲರೂ ಗುಣವಾಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಗುಣವಾಗದವರ ಬಾಳಿಗೂ ಬೆಲೆಯಿದೆ. ನಮ್ಮ ಪುಣೆಯ ವಾರಜೆಯಲ್ಲಿ 1997ರಿಂದ ಸಿಪ್ಲಾ ಉಪಶಾಮಕ ಚಿಕಿತ್ಸಾ ಕೇಂದ್ರ ನಡೆಯುತ್ತಿದೆ. ನೋವು ಇಳಿಸುವುದು, ಗಾಯದ ಆರೈಕೆ, ಮನೆಯವರಿಗೆ ತಿಳಿವಳಿಕೆ ಕೊಡುವುದು, ಇವೆಲ್ಲ ಅಲ್ಲಿ ಹಣವಿಲ್ಲದೆ ದೊರೆಯುತ್ತವೆ. ಅದು ಸಾಯಲು ಹೋಗುವ ಜಾಗವೆಂದು ಹೆದರಬೇಕಾಗಿಲ್ಲ. ಉಪಚಾರ ನಡೆಯುತ್ತಿರುವಾಗಲೂ ನೋವಿರುವವರು ಅಲ್ಲಿಗೆ ಹೋಗಿ ಸುಧಾರಿಸಿಕೊಂಡು ಬರಬಹುದು. ನೋವನ್ನು ಸಹಿಸುವುದು ಗಂಡಸುತನವೆಂದು ತಿಳಿದು ಮೂಲೆಯಲ್ಲಿ ನರಳುವವರನ್ನು ಕಂಡರೆ ಅಲ್ಲಿಗೆ ಕರೆದೊಯ್ಯಿರಿ.

ಇನ್ನು ನಾವು ಮಾಡಬೇಕಾದುದೇನು? ನಮ್ಮ ಶಕ್ತಿ ಸಣ್ಣದು. ಆದರೂ ಐದು ಕೆಲಸಗಳನ್ನು ಸಭೆಯ ಮುಂದಿಡುತ್ತೇವೆ. ಒಂದು, ಉಪಚಾರ ಮುಗಿಸಿ ಬಂದ ಪ್ರತಿಯೊಬ್ಬ ಸದಸ್ಯನಿಗೂ ಒಬ್ಬ ಜೊತೆಗಾರನನ್ನು ಗೊತ್ತುಮಾಡುವುದು. ತಪಾಸಣೆಯ ದಿನ ಆಸ್ಪತ್ರೆಗೆ ಜೊತೆಯಾಗಿ ಹೋಗುವುದು ಆತನ ಹೊಣೆ. ಎರಡು, ತಿಂಗಳಿಗೊಂದು ಭಾನುವಾರ ನಮೂನೆ ತುಂಬಿಕೊಡಲು ಓದುಬಲ್ಲ ಇಬ್ಬರು ಇಲ್ಲಿ ಕುಳಿತಿರುವುದು. ಮೂರು, ಮಾಲೀಕರ ಬಳಿಗೆ ರೋಗಿಯನ್ನು ಒಬ್ಬನನ್ನೇ ಕಳುಹಿಸದೆ, ಸಂಘದ ಹಿರಿಯರಿಬ್ಬರು ಹೋಗಿ, ಹಗುರ ಕೆಲಸ ಕೊಡಿರೆಂದು ವಿನಯದಿಂದಲೂ ದೃಢವಾಗಿಯೂ ಕೇಳುವುದು. ನಾಲ್ಕು, ಈ ರೋಗದಿಂದ ಎದ್ದುಬಂದವರು, ಗಂಡಸರು ಬೇರೆ, ಹೆಂಗಸರು ಬೇರೆ, ಆಗಾಗ ಸೇರಿ ಮಾತಾಡಿಕೊಳ್ಳಲು ಈ ಕೋಣೆಯನ್ನು ಬಿಟ್ಟುಕೊಡುವುದು. ಐದು ವರ್ಷ ದಾಟಿದವನು ಐದು ವಾರದವನ ಹೆಗಲ ಮೇಲೆ ಕೈಯಿಟ್ಟರೆ ಆಗುವ ಧೈರ್ಯ ನಮ್ಮಂತಹವರ ಭಾಷಣದಿಂದ ಆಗದು. ಐದು, ವರ್ಷಕ್ಕೊಮ್ಮೆ ಎಲ್ಲ ಸದಸ್ಯರ ಬಾಯಿಯ ತಪಾಸಣೆ ಮಾಡಿಸುವುದು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಬೇಕಾದುದು ಹೆಸರು ಕೊಡುವ ಜನ. ಬಾಗಿಲ ಬಳಿ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ಜೊತೆಗಾರರಾಗಲು ಒಪ್ಪುವವರು ತಮ್ಮ ಹೆಸರು, ಕೆಲಸದ ಜಾಗ, ವಾರದ ರಜೆಯ ದಿನ ಬರೆದು ಹೋಗಬೇಕೆಂದು ಕೇಳಿಕೊಳ್ಳುತ್ತೇವೆ. ಮನೆಯಲ್ಲಿ, ಖೋಲಿಯಲ್ಲಿ, ಹೋಟೆಲಿನಲ್ಲಿ ಈ ಉಪಚಾರ ಮುಗಿಸಿ ಸುಮ್ಮನೆ ಕುಳಿತವರಿದ್ದರೆ ಅವರ ಹೆಸರನ್ನು ಅವರ ಒಪ್ಪಿಗೆ ಪಡೆದು ತಿಳಿಸಿರಿ. ಮುಂದಿನ ಸಭೆಗೆ ಅವರನ್ನು ಜೊತೆಯಲ್ಲಿ ಕರೆತನ್ನಿರಿ. ಅವರಿಗೆ ಗಂಜಿಯೂ ನಮಗೆ ಚಹಾವೂ ಒಂದೇ ಸಾಲಿನಲ್ಲಿ ಸಿಗುವಂತೆ ಏರ್ಪಾಟು ಮಾಡಿರುತ್ತೇವೆ.